ಚಂಡಮಾರುತಕ್ಕೆ ಹೆಸರಿಟ್ಟ ಹೆನ್ರಿ ಪಿಡಿಂಗ್ಟನ್

ಹಾಯಿಹಡಗುಗಳ ಕಾಲದಲ್ಲಿ ಬಂಗಾಳ ಕೊಲ್ಲಿಯ ನಾವಿಕನಿಗೆ ಬಿರುಗಾಳಿಯೆಂಬುದು ವಿಧಿಯ ಇನ್ನೊಂದು ಹೆಸರಾಗಿತ್ತು. ಅದು ಎತ್ತಣಿಂದ ಬರುವುದು, ಎತ್ತ ಸಾಗುವುದು, ಅದರಿಂದ ಪಾರಾಗುವ ದಾರಿ ಯಾವುದು ಎಂದು ಅವನಿಗೆ ಹೇಳಬಲ್ಲವರು ವಿರಳ. ಆ ಗಾಳಿಗೂ ಒಂದು ನಿಯಮವುಂಟೆಂಬ ಅರಿವನ್ನು ಸಾಮಾನ್ಯ ನಾವಿಕನ ಕೈಗೆಟುಕುವಂತೆ ಮಾಡಿದವರಲ್ಲಿ ಹೆನ್ರಿ ಪಿಡಿಂಗ್ಟನ್ ಅಗ್ರಗಣ್ಯರು. ಇಂದು ಲೋಕವೆಲ್ಲ ಬಳಸುವ 'ಸೈಕ್ಲೋನ್' ಎಂಬ ಪದ ಕಲ್ಕತ್ತೆಯಲ್ಲಿ ನೆಲೆಸಿದ್ದ ಈ ಮಹನೀಯರ ಲೇಖನಿಯಿಂದ ಹುಟ್ಟಿದುದು.

ಪಿಡಿಂಗ್ಟನ್ನರು 1797ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಜನಿಸಿದರು. ವ್ಯಾಪಾರಿ ನೌಕೆಗಳಲ್ಲಿ ದುಡಿದು, ಪೂರ್ವದ ಸಮುದ್ರಗಳನ್ನು ಬಲ್ಲವರಾಗಿ, ಕಡೆಗೆ ಕಲ್ಕತ್ತೆಯಲ್ಲಿ ನಿಂತರು. ಅಲ್ಲಿ ಆರ್ಥಿಕ ಭೂವಿಜ್ಞಾನದ ವಸ್ತುಸಂಗ್ರಹಾಲಯದ ಪಾಲಕರೂ, ಹಡಗುಗಳ ಅಪಘಾತವನ್ನು ವಿಚಾರಿಸುವ ನೌಕಾ ನ್ಯಾಯಾಲಯದ ಅಧ್ಯಕ್ಷರೂ ಆದರು. ಆದರೆ ಅವರು ಮನಸಾರೆ ಕೈಕೊಂಡ ಕಾಯಕ ಬೇರೆಯೇ ಆಗಿತ್ತು.

ಬಿರುಗಾಳಿಯು ನೇರವಾಗಿ ಬೀಸುವ ಗಾಳಿಯಲ್ಲ, ಒಂದು ಕೇಂದ್ರವನ್ನು ಸುತ್ತುವ ಸುಳಿ ಎಂದು ಅಮೆರಿಕದ ರೆಡ್‌ಫೀಲ್ಡ್ 1831ರಲ್ಲಿ ಪ್ರತಿಪಾದಿಸಿದ್ದರು. 1838ರಲ್ಲಿ ರೀಡ್ ಎಂಬ ಆಂಗ್ಲ ಸೇನಾಧಿಕಾರಿಯ ಗ್ರಂಥವು ಆ ವಾದವನ್ನು ಬಲಪಡಿಸಿತು. ಈ ಗ್ರಂಥವೇ ಪಿಡಿಂಗ್ಟನ್ನರಿಗೆ ಪ್ರೇರಣೆಯಾಯಿತು. 1839ರಿಂದ ಅವರು ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದಾದ ಮೇಲೊಂದರಂತೆ ಪ್ರಬಂಧಗಳನ್ನು ಪ್ರಕಟಿಸಿದರು. ಅವರ ಕ್ರಮ ಸರಳವಾದುದು, ಆದರೆ ಅಪಾರ ತಾಳ್ಮೆಯನ್ನು ಬೇಡುವಂಥದು. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ಸಂಗ್ರಹಿಸುವುದು. ಒಂದೇ ವೇಳೆಯಲ್ಲಿ ಯಾವ ಹಡಗು ಎಲ್ಲಿತ್ತು, ಅಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂಬುದನ್ನು ನಕ್ಷೆಯ ಮೇಲೆ ಗುರುತಿಸುವುದು. ಬಿಡಿಬಿಡಿಯಾಗಿ ಅರ್ಥವಾಗದ ಗಾಳಿಗಳು ಹಾಗೆ ಕೂಡಿದಾಗ ಸುಳಿಯ ಆಕಾರ ತಾನಾಗಿ ಮೂಡುತ್ತಿತ್ತು.

ಅವರು ಪರಿಶೀಲಿಸಿದ ದಿನಚರಿಗಳಲ್ಲಿ 'ಚಾರ್ಲ್ಸ್ ಹೆಡ್ಲ್' ಎಂಬ ಹಡಗಿನದು ವಿಸ್ಮಯಕರವಾದುದು. 1845ರ ಫೆಬ್ರವರಿಯಲ್ಲಿ ಮಾರಿಷಸ್ ದ್ವೀಪದ ಸಮೀಪ ಈ ಹಡಗು ಬಿರುಗಾಳಿಗೆ ಸಿಕ್ಕಿ, ಗಾಳಿಗೆ ಬೆನ್ನು ಕೊಟ್ಟು ಐದು ದಿನ ಓಡಿತು. ಅದು ಕ್ರಮಿಸಿದ ದೂರ 1,300 ಮೈಲಿಗೂ ಅಧಿಕ. ಆದರೆ ಮೊದಲಿದ್ದ ಸ್ಥಳದಿಂದ ನಿಜವಾಗಿ ಸರಿದದ್ದು ಸುಮಾರು 350 ಮೈಲಿ ಮಾತ್ರ. ಪಾಪ, ಗಾಣದ ಎತ್ತಿನ ಪಾಡು! ಹಡಗು ಆ ಅವಧಿಯಲ್ಲಿ ಕೇಂದ್ರವನ್ನು ಐದು ಬಾರಿ ಸುತ್ತಿತ್ತೆಂದು ಪಿಡಿಂಗ್ಟನ್ನರು ತೋರಿಸಿದರು. ಸುತ್ತುವ ಗಾಳಿಯ ವೇಗ ಒಂದು, ಆ ಸುಳಿಯೇ ಸಮುದ್ರದ ಮೇಲೆ ಸಾಗುವ ವೇಗ ಮತ್ತೊಂದು. ಮೊದಲನೆಯದು ಅತಿ ತೀವ್ರ, ಎರಡನೆಯದು ಮಂದ. ಈ ಭೇದಕ್ಕೆ ಇದಕ್ಕಿಂತ ಪ್ರತ್ಯಕ್ಷ ಸಾಕ್ಷಿ ಬೇಕೆ?

1848ರಲ್ಲಿ ಪ್ರಕಟವಾದ ಅವರ ನಾವಿಕರ ಕೈಪಿಡಿಯಲ್ಲಿ 'ಸೈಕ್ಲೋನ್' ಪದ ಕಾಣಿಸಿಕೊಂಡಿತು. ಹಾವಿನ ಸುರುಳಿಯನ್ನೂ ಸೂಚಿಸುವ ಗ್ರೀಕ್ ಪದವೊಂದರಿಂದ ಅವರು ಅದನ್ನು ರೂಪಿಸಿದರು. ಪುಸ್ತಕದೊಡನೆ ಕೊಂಬಿನ ಎರಡು ಪಾರದರ್ಶಕ ತೆಳುಫಲಕಗಳಿದ್ದವು. ಭೂಮಧ್ಯರೇಖೆಯ ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಅವುಗಳ ಮೇಲೆ ಗಾಳಿಯ ಸುತ್ತುಗಳನ್ನು ಬರೆದಿತ್ತು. ಫಲಕವನ್ನು ನಕ್ಷೆಯ ಮೇಲಿರಿಸಿ, ಬೀಸುತ್ತಿರುವ ಗಾಳಿಗೆ ಹೊಂದಿಸಿದರೆ ಕೇಂದ್ರವಿರುವ ದಿಕ್ಕು ಗೋಚರಿಸುತ್ತಿತ್ತು. ಉತ್ತರಾರ್ಧದಲ್ಲಿ ಗಾಳಿಗೆ ಮುಖಮಾಡಿ ನಿಂತವನಿಗೆ ಕೇಂದ್ರವು ಬಲಗಡೆಗೆ. ಗಾಳಿಯು ಪೂರ್ಣವೃತ್ತದಲ್ಲಿ ಸುತ್ತದೆ ಒಳಮುಖವಾಗಿ ಸುರುಳಿಗೊಳ್ಳುತ್ತದೆಂಬುದು ಅನಂತರ ಸ್ಪಷ್ಟವಾಗಿ, ಈ ನಿಯಮಕ್ಕೆ ತಿದ್ದುಪಡಿ ಬೇಕಾಯಿತು. ಆದರೂ ಅವರು ಆರಿಸಿದ ಪದ ಮಾತ್ರ ಸುರುಳಿಗೇ ಒಪ್ಪುವಂತಿದೆ.

ಸುಂಟರಗಾಳಿ, ನೀರ್ಗಂಬಗಳಂಥ ಕಿರುಸುಳಿಗಳನ್ನೂ ಆ ಪುಸ್ತಕ ಬಿಟ್ಟಿಲ್ಲ. ಇವೆರಡರ ನಡುವಣ ಗಾತ್ರದ ಸುಳಿಯೊಂದುಂಟು. ಅದು ಗುಡುಗು ಮೋಡಗಳ ದೊಡ್ಡ ಸಮೂಹದೊಳಗೆ, ವಾಯುಮಂಡಲದ ಮಧ್ಯಸ್ತರದಲ್ಲಿ ಹುಟ್ಟಿ, ಮೋಡ ಕರಗಿದ ಮೇಲೂ ಉಳಿದು, ಮರುದಿನ ಹೊಸ ಮಳೆಬಿರುಗಾಳಿಯನ್ನು ಎಬ್ಬಿಸಬಲ್ಲದು. ನೆಲದ ಗಾಳಿಯಲ್ಲಿ ಅದರ ಸುಳಿವು ಸಿಗುವುದು ಕಷ್ಟವಾದುದರಿಂದ ಅದು ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ಇಂದಿನ ತಜ್ಞರು ರಡಾರ್ ಮತ್ತು ಉಪಗ್ರಹಗಳಿಂದ ಅದನ್ನು ಹುಡುಕುವಾಗಲೂ ಕೇಳುವ ಪ್ರಶ್ನೆಗಳು ಅವೇ: ಕೇಂದ್ರವೆಲ್ಲಿ, ಅದರ ನಡೆ ಎತ್ತ?

ಕಲ್ಕತ್ತೆಗೆ ಸಹಾಯಕವಾಗಿ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರೊಂದನ್ನು ಕಟ್ಟುವ ಆಲೋಚನೆ ಸರ್ಕಾರಕ್ಕೆ ಬಂದಾಗ ಪಿಡಿಂಗ್ಟನ್ನರು ಸುಮ್ಮನಿರಲಿಲ್ಲ. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯವರಿಗೆ ಬಹಿರಂಗ ಪತ್ರ ಬರೆದು, ಚಂಡಮಾರುತದೊಡನೆ ಉಕ್ಕಿಬರುವ ಸಮುದ್ರವು ಆ ನೆಲೆಯನ್ನು 5ರಿಂದ 15 ಅಡಿಗಳಷ್ಟು ನೀರಿನಲ್ಲಿ ಮುಳುಗಿಸುವ ದಿನ ಬಂದೇ ಬರುವುದೆಂದು ಎಚ್ಚರಿಸಿದರು. ಎಚ್ಚರಿಕೆಗೆ ಮನ್ನಣೆ ದೊರೆಯಲಿಲ್ಲ. 1858ರಲ್ಲಿ ಅವರು ಕಲ್ಕತ್ತೆಯಲ್ಲಿ ನಿಧನರಾದರು.

1864ರ ಅಕ್ಟೋಬರಿನ ಚಂಡಮಾರುತ ಕಲ್ಕತ್ತೆಯ ಸುತ್ತಮುತ್ತ ಹತ್ತಾರು ಸಾವಿರ ಜನರನ್ನು ಬಲಿತೆಗೆದುಕೊಂಡಿತು. ಆ ಬಳಿಕ ಕಲ್ಕತ್ತೆ ಬಂದರಿಗೆ ಬಿರುಗಾಳಿಯ ಮುನ್ಸೂಚನೆ ನೀಡುವ ವ್ಯವಸ್ಥೆ ಬಂತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮಾತ್ಲಾ ದಡದಲ್ಲಾದರೋ ಅಷ್ಟರೊಳಗೆ ಧಕ್ಕೆಗಳು, ರೈಲುಮಾರ್ಗ ಎಲ್ಲವೂ ಸಿದ್ಧವಾಗಿ, ಬಂದರಿಗೆ ಕ್ಯಾನಿಂಗ್ ಪ್ರಭುಗಳ ಹೆಸರೂ ಬಂದಿತ್ತು. 1867ರ ನವೆಂಬರಿನಲ್ಲಿ ಚಂಡಮಾರುತ ಬಡಿಯಿತು. ಸುಮಾರು 6 ಅಡಿ ಎತ್ತರದ ಅಲೆ ಪಟ್ಟಣದೊಳಗೆ ನುಗ್ಗಿತು. 1872ರ ಹೊತ್ತಿಗೆ ಸರ್ಕಾರ ಬಂದರನ್ನು ಕೈಬಿಟ್ಟಿತು. ರೈಲುಮಾರ್ಗ ಮಾತ್ರ ಇಂದಿಗೂ ಕ್ಯಾನಿಂಗಿನವರೆಗೆ ಹೋಗುತ್ತದೆ.