ಬೆಟ್ಟದ ಸೆಳೆತ ಅಳೆದ ಬೂಗೇರ್

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಮಗೆ ಮೆಟಾಸೆಂಟರ್ ಎಂಬ ಪಾಠ ಬರುತ್ತದೆ. ವಾಲಿದ ಹಡಗು ಮತ್ತೆ ನೆಟ್ಟಗಾಗುತ್ತದೋ, ಮಗುಚುತ್ತದೋ ಎಂದು ಹೇಳುವ ಬಿಂದು ಅದು. ಸೂತ್ರ ಬಾಯಿಪಾಠ ಮಾಡುತ್ತೇವೆ, ಅದನ್ನು ಕೊಟ್ಟವರ ಹೆಸರನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆತ ಫ್ರಾನ್ಸಿನ ಪಿಯರ್ ಬೂಗೇರ್. ನೆಲದೊಳಗಿನ ಬಿರುಕು ಹುಡುಕುವವರ ಬಾಯಲ್ಲೂ ಇರುವುದು ಇದೇ ಹೆಸರು.

ಹುಟ್ಟಿದ್ದು 1698ರಲ್ಲಿ, ಕಡಲ ತೀರದ ಊರಲ್ಲಿ. ತಂದೆ ನಾವಿಕರಿಗೆ ಪಾಠ ಹೇಳುವ ಸರ್ಕಾರಿ ಮೇಷ್ಟ್ರು. 1714ರಲ್ಲಿ ಅವರು ತೀರಿಕೊಂಡಾಗ ಅದೇ ಹುದ್ದೆ ಹದಿಹರೆಯದ ಮಗನಿಗೆ ಸಿಕ್ಕಿತು. ಅನುಕಂಪದ ನೌಕರಿ ಅಂದುಕೊಳ್ಳಬೇಡಿ, ಪರೀಕ್ಷಿಸಿಯೇ ಕೊಟ್ಟರು.

ಭೂಮಿ ಧ್ರುವದಲ್ಲಿ ಚಪ್ಪಟೆಯೋ, ಉದ್ದವೋ ಎಂಬ ವಾದ ತೀರಿಸಲು 1735ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಕಳಿಸಿದ ತಂಡದೊಂದಿಗೆ ಬೂಗೇರ್ ಇಂದಿನ ಈಕ್ವೆಡಾರ್‌ಗೆ ಹೋದ. ಕಷ್ಟ ಒಂದೆರಡಲ್ಲ. ತಂಡದ ವೈದ್ಯನನ್ನು ಜನ ಹೊಡೆದು ಕೊಂದರು. ಸಂಗಾತಿ ಲಾ ಕೊಂಡಮಿನ್ ಜತೆ ಮನಸ್ತಾಪ ಬೆಳೆಯಿತು. ಇವರ ಅಳತೆ ಮುಗಿಯುವ ಮೊದಲೇ, 1737ರಲ್ಲಿ, ಲ್ಯಾಪ್‌ಲ್ಯಾಂಡ್‌ಗೆ ಹೋಗಿದ್ದ ಇನ್ನೊಂದು ತಂಡ ಚಪ್ಪಟೆ ಎಂಬ ಉತ್ತರ ಹೊತ್ತು ಪ್ಯಾರಿಸ್ಸಿಗೆ ಮರಳಿತು. ಬೇರೆಯವರಾದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಬೂಗೇರ್ ಉಳಿದ. ಹಡಗಿನ ಪುಸ್ತಕದ ಬಹುಭಾಗ ಬರೆದದ್ದೂ ಆ ಬೆಟ್ಟಗಳ ನಡುವೆಯೇ!

1738ರಲ್ಲಿ ಚಿಂಬೊರಾಜೊ ಜ್ವಾಲಾಮುಖಿಯ ಹಿಮದ ಅಂಚಿನಲ್ಲಿ ಡೇರೆ ಹಾಕಿದರು. ಗೌಂಡಿ ಗೋಡೆ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡನ್ನು ಬೆಟ್ಟ ತನ್ನತ್ತ ಎಳೆಯುತ್ತದೆಯೇ ಎಂದು ನಕ್ಷತ್ರಗಳ ಆಸರೆಯಲ್ಲಿ ನೋಡಿದರು. ಎಳೆಯಿತು, ಸುಮಾರು 8 ಸೆಕೆಂಡ್ ಕೋನದಷ್ಟು. ಒಂದು ಡಿಗ್ರಿಗೆ 3600 ಸೆಕೆಂಡ್ ಎಂಬುದು ನೆನಪಿರಲಿ. ಲೆಕ್ಕ ಹಾಕಿದ್ದಕ್ಕಿಂತ ಇದು ತೀರಾ ಕಡಿಮೆ. ಬೆಟ್ಟದ ಒಳಗೆ ಟೊಳ್ಳಿದೆಯೇ ಎಂಬ ಶಂಕೆ ಬೂಗೇರ್‌ಗೆ ಬಂತು. ನನಗೆ ಇಡೀ ಕಥೆಯಲ್ಲಿ ಹಿಡಿಸಿದ್ದು ಈ ಶಂಕೆಯೇ: ಮೇಲೆ ನಿಂತು ಅಳೆದು ಒಳಗೇನಿದೆ ಎಂದು ಕೇಳುವುದು. ಸಮುದ್ರಮಟ್ಟ, ಕ್ವಿಟೊ ಮತ್ತು ಪಿಚಿಂಚಾ ಶಿಖರಗಳಲ್ಲಿ ಲೋಲಕ ತೂಗಿ, ಎತ್ತರಕ್ಕೆ ಗುರುತ್ವ ಎಷ್ಟು ಇಳಿಯುತ್ತದೆ, ಕಾಲಡಿಯ ಬಂಡೆ ಎಷ್ಟು ಸೇರಿಸುತ್ತದೆ ಎಂದೂ ಬಿಡಿಸಿದ. ಊರಿಗೆ ಮರಳಿದ್ದು 1744ರಲ್ಲಿ, ಪುಸ್ತಕ ಬಂದದ್ದು 1749ರಲ್ಲಿ. 1758ರಲ್ಲಿ ಸಾಯುವವರೆಗೂ ಲಾ ಕೊಂಡಮಿನ್ ಜತೆಗಿನ ಜಗಳ ತೀರಲಿಲ್ಲ.

ಇಂದಿಗೂ ಲೆಕ್ಕ ಅದೇ. ಒಂದು ಮೀಟರ್ ಏರಿದರೆ 0.3086 ಮಿಲಿಗ್ಯಾಲ್ ಕಳೆಯುತ್ತದೆ, ನಡುವಿನ ಬಂಡೆ ಸುಮಾರು 0.112 ಕೂಡಿಸುತ್ತದೆ. ಇವನ್ನೆಲ್ಲ ಸರಿಪಡಿಸಿದ ಮೇಲೆ ಉಳಿಯುವುದೇ ಬೂಗೇರ್ ವ್ಯತ್ಯಾಸ. ಜ್ವಾಲಾಮುಖಿ ಪ್ರದೇಶದಲ್ಲಿ ಆ ಸಂಖ್ಯೆ ಒಂದು ಗೆರೆಯುದ್ದಕ್ಕೂ ಸರಕ್ಕನೆ ಬದಲಾದರೆ, ಕೆಳಗೆ ಭಾರದ ಬಂಡೆ ಹಗುರ ಬಂಡೆಗೆ ತಾಗುವ ಸ್ತರಭಂಗ ಇರಬಹುದು. ಬಿಸಿನೀರು ಮೇಲೇರುವುದು ಹೆಚ್ಚಾಗಿ ಇಂಥ ಬಿರುಕುಗಳಲ್ಲೇ. ಹಾಗಾಗಿ ಉಷ್ಣ ವಿದ್ಯುತ್ತಿಗೆ ಕೊಳವೆ ಎಲ್ಲಿ ಕೊರೆಯಬೇಕು ಎನ್ನುವವರು ಈ ನಕ್ಷೆ ನೋಡುತ್ತಾರೆ.

ನಮ್ಮ ಹೇಮಗುಡ್ಡದ ಬಳಿ ಅಂಥ ಬಿಸಿಯಿಲ್ಲ. ಆದರೆ ಇಲ್ಲಿನ ಗ್ರಾನೈಟ್ ಹಗುರ, ಕುಷ್ಟಗಿ-ಹುನಗುಂದ ಪಟ್ಟಿಯ ಶಿಲೆ ಭಾರ. ಮಾಪಕ ಹಿಡಿದು ಅತ್ತ ನಡೆದರೆ ಬೂಗೇರ್ ಸಂಖ್ಯೆ ಏರಬೇಕು.