ಮೀಸೆಯ ತಾಯಿ ಗಿಜುಭಾಯಿ ಬಧೇಕಾ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಹಿಂದಿನ ಕೂಲಿಮಠಗಳಲ್ಲಿ ಬೆತ್ತದ ಸಮರ್ಥನೆಗಾಗಿ ಬಳಸಿದವರೇ ಹೆಚ್ಚು. ಎಳೆಯ ಗಿಡಕ್ಕೆ ಬೇಕಾದುದು ನೀರು, ಬೆಳಕು ಮತ್ತು ಕಾಯುವ ಕಣ್ಣು ಎಂದು ಅರಿತು, ಆ ಅರಿವನ್ನು ಆಚರಣೆಗೆ ತಂದು ತೋರಿದವರು ವಿರಳ. ಅಂಥವರಲ್ಲಿ ಅಗ್ರಗಣ್ಯರು ಗುಜರಾತಿನ ಗಿಜುಭಾಯಿ ಬಧೇಕಾ ಅವರು.

ಇವರು ಸೌರಾಷ್ಟ್ರದ ಚಿತಳ ಎಂಬ ಊರಿನಲ್ಲಿ 1885ನೆಯ ಇಸವಿ ನವೆಂಬರ್ 15ರಂದು ಜನಿಸಿದರು. ಹೆತ್ತವರಿಟ್ಟ ಹೆಸರು ಗಿರಿಜಾಶಂಕರ. ತಂದೆ ಭಗವಾನಜಿ, ತಾಯಿ ಕಾಶೀಬಾ. ಜೀವನೋಪಾಯವನ್ನರಸಿ 1907ರಲ್ಲಿ ಪೂರ್ವ ಆಫ್ರಿಕೆಗೆ ತೆರಳಿ, ಎರಡು ವರ್ಷಗಳ ತರುವಾಯ ಹಿಂದಿರುಗಿ, ಮುಂಬಯಿಯಲ್ಲಿ ಕಾನೂನನ್ನು ಅಭ್ಯಸಿಸಿದರು. ವಢವಾಣದಲ್ಲಿ ವಕೀಲಿವೃತ್ತಿಯನ್ನು ಕೈಗೊಂಡರು. ಸುಖವಾಗಿ ಕಾಲಕ್ಷೇಪ ಮಾಡಲು ಸಾಕಾಗುವಷ್ಟು ಸಂಪಾದನೆ ಅದರಲ್ಲಿತ್ತು.

ಬಾಳಿನ ದಿಕ್ಕನ್ನು ತಿರುಗಿಸಿದುದು 1913ರಲ್ಲಿ ಜನಿಸಿದ ಮಗ ನರೇಂದ್ರ. ಈ ಕೂಸನ್ನು ಹೇಗೆ ಬೆಳೆಸಬೇಕು, ಎಂಥ ಶಾಲೆಗೆ ಕಳುಹಿಸಬೇಕು ಎಂಬ ಚಿಂತೆ ತಂದೆಯನ್ನು ಕಾಡಿತು. ಅಂದಿನ ಶಾಲೆಗಳಲ್ಲಿ ಅವರಿಗೆ ಕಂಡುದು ಬಾಯಿಪಾಠ, ಬೆತ್ತ ಮತ್ತು ಭಯ. ಇದೇ ಸಮಯದಲ್ಲಿ ಶಿಕ್ಷಣಪ್ರೇಮಿ ಮೋತಿಭಾಯಿ ಅಮೀನರ ಮೂಲಕ ಇಟಲಿಯ ವಿದುಷಿ ಮಾರಿಯಾ ಮಾಂಟೆಸ್ಸೊರಿಯವರ ವಿಚಾರಗಳ ಪರಿಚಯವಾಯಿತು. ಮಗು ತುಂಬಬೇಕಾದ ಬರಿಯ ಪಾತ್ರೆಯಲ್ಲ, ತನ್ನ ಶಕ್ತಿಯಿಂದಲೇ ಅರಳುವ ಜೀವ ಎಂಬ ಆ ತತ್ತ್ವ ಅವರ ಮನಸ್ಸಿನಲ್ಲಿ ಬೇರೂರಿತು.

ಆಗ ಭಾವನಗರದಲ್ಲಿ ನಾನಾಭಾಯಿ ಭಟ್ಟರು ದಕ್ಷಿಣಾಮೂರ್ತಿ ಎಂಬ ವಿದ್ಯಾಸಂಸ್ಥೆಯನ್ನು ನಡೆಸುತ್ತಿದ್ದರು. ಗುರುರೂಪಿಯಾದ ಪರಶಿವನ ಹೆಸರು ಹೊತ್ತ ಆ ಸಂಸ್ಥೆಗೆ 1916ರಲ್ಲಿ ಗಿಜುಭಾಯಿಯವರು ವಕೀಲಿಯನ್ನು ತೊರೆದು ಬಂದು ಸೇರಿದರು. ಮೊದಲು ವಿದ್ಯಾರ್ಥಿನಿಲಯದ ಹೊಣೆ, ಬಳಿಕ ಪ್ರೌಢಶಾಲೆಯ ಆಚಾರ್ಯಪದವಿ ಅವರ ಪಾಲಿಗೆ ಬಂದಿತು. ದೊಡ್ಡ ಹುಡುಗರಿಗೆ ಕಲಿಸುತ್ತಿರುವಾಗ ಅವರಿಗೆ ಒಂದು ಸತ್ಯ ಗೋಚರವಾಯಿತು. ಪ್ರೌಢಶಾಲೆಗೆ ಬರುವ ಹೊತ್ತಿಗೆ ಹುಡುಗನ ಅಭ್ಯಾಸಗಳೂ ಅಂಜಿಕೆಗಳೂ ಗಟ್ಟಿಯಾಗಿರುತ್ತವೆ. ತಿದ್ದುವ ಕೆಲಸ ಬಲು ಮೊದಲೇ ಆರಂಭವಾಗಬೇಕು. ಅಂತೆಯೇ 1920ರಲ್ಲಿ, ಎರಡೂವರೆ ವರ್ಷದಿಂದ ಮೊದಲುಗೊಂಡು ಎಳೆಯ ಮಕ್ಕಳಿಗಾಗಿ ಬಾಲಮಂದಿರವನ್ನು ತೆರೆದರು. ಆಚಾರ್ಯಪೀಠದಿಂದ ಇಳಿದು ಕೂಸುಗಳ ನಡುವೆ ನೆಲದ ಮೇಲೆ ಕುಳಿತ ಈ ನಡೆಯನ್ನು ಲೋಕ ಹಿಂಬಡ್ತಿಯೆಂದು ಎಣಿಸಬಹುದು. ಅವರಿಗೆ ಅದೇ ಬಡ್ತಿ.

ಬಾಲಮಂದಿರದಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ, ಬಹುಮಾನದ ಆಮಿಷವೂ ಇಲ್ಲ. ಮಕ್ಕಳು ತಮಗೊಪ್ಪಿದ ಉಪಕರಣವನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಮಣ್ಣಿನಲ್ಲಿ ಬೊಂಬೆ ಮಾಡುತ್ತಿದ್ದರು, ಚಿತ್ರ ಬರೆಯುತ್ತಿದ್ದರು, ಗಿಡಗಳಿಗೆ ನೀರೆರೆಯುತ್ತಿದ್ದರು, ಹಾಡಿ ಕುಣಿಯುತ್ತಿದ್ದರು. ದಟ್ಟ ಮೀಸೆಯ ಈ ಪುರುಷನಲ್ಲಿ ತುಂಬಿದ್ದ ಮಾತೃವಾತ್ಸಲ್ಯವನ್ನು ಕಂಡು ಜನರು ಅವರನ್ನು ಮೀಸೆಯ ತಾಯಿ ಎಂದು ಕರೆದರು. ಯಾವ ವಿಶ್ವವಿದ್ಯಾಲಯವೂ ಕೊಡಲಾರದ ಪದವಿಯಿದು.

ಗಿಜುಭಾಯಿಯವರು ಮಾಂಟೆಸ್ಸೊರಿಯವರನ್ನು ಗುರುವೆಂದು ಬಗೆದರೂ ಕುರುಡಾಗಿ ಅನುಸರಿಸಲಿಲ್ಲ. ಎಳೆಯ ಮಕ್ಕಳಿಗೆ ಕಲ್ಪಿತ ಕಥೆಗಳು ಹಿತವಲ್ಲವೆಂದು ಆಕೆ ಭಾವಿಸಿದ್ದರು. ಅಜ್ಜಿಯ ಮಡಿಲಲ್ಲಿ ಕಥೆ ಕೇಳುತ್ತ ಬೆಳೆಯುವ ನಾಡಿನಲ್ಲಿ ಹುಟ್ಟಿದ ಇವರಾದರೋ ಕಥೆಯನ್ನೇ ಶಿಕ್ಷಣದ ಹೆಬ್ಬಾಗಿಲನ್ನಾಗಿ ಮಾಡಿದರು. ಜನಪದ ಕಥೆಗಳನ್ನು ಸಂಗ್ರಹಿಸಿ, ಮಕ್ಕಳ ನಾಲಗೆಗೆ ಒಗ್ಗುವಂತೆ ತಿಳಿಗುಜರಾತಿಯಲ್ಲಿ ಬರೆದರು. ಕಥೆ ಹೇಳುವ ಬಗೆಯನ್ನು ಕುರಿತು ಪ್ರತ್ಯೇಕ ಶಾಸ್ತ್ರಗ್ರಂಥವನ್ನೇ ರಚಿಸಿದರು.

ಅವರ ಕೃತಿಗಳಲ್ಲಿ ದಿವಾಸ್ವಪ್ನ ಅತ್ಯಂತ ಪ್ರಸಿದ್ಧವಾದುದು. ನಾಲ್ಕನೆಯ ತರಗತಿಯೊಂದನ್ನು ಒಂದು ವರ್ಷದ ಮಟ್ಟಿಗೆ ಪ್ರಯೋಗಕ್ಕಾಗಿ ಪಡೆದ ಉಪಾಧ್ಯಾಯನೊಬ್ಬನ ಕಲ್ಪಿತ ವೃತ್ತಾಂತವದು. ಮೊದಲ ದಿನ ಆತ ಮೌನದ ಆಟವನ್ನು ಆಡಿಸಲು ಹೋಗುತ್ತಾನೆ. ತರಗತಿ ಗದ್ದಲದಲ್ಲಿ ಮುಳುಗಿ ಆತ ಸೋಲುತ್ತಾನೆ. ಮರುದಿನ ಕಥೆಯನ್ನು ಆರಂಭಿಸುತ್ತಾನೆ. ಮಕ್ಕಳು ತಾವಾಗಿಯೇ ಸದ್ದಡಗಿ ಕಿವಿಗೊಡುತ್ತಾರೆ. ಅಲ್ಲಿಂದ ಮುಂದೆ ಆಟ, ಪುಸ್ತಕಭಂಡಾರ, ನಾಟಕ, ಮೈಬಟ್ಟೆಗಳ ಶುಚಿತ್ವ ಒಂದೊಂದಾಗಿ ಬರುತ್ತವೆ. ಜೊತೆಯ ಉಪಾಧ್ಯಾಯರ ನಗೆಯನ್ನೂ ಪಾಲಕರ ಸಂಶಯವನ್ನೂ ಆತ ಎದುರಿಸಬೇಕಾಗುತ್ತದೆ. ಸೋಲನ್ನು ಮರೆಮಾಚದ ಈ ಪ್ರಾಮಾಣಿಕತೆಯಿಂದಲೇ ಆ ಗ್ರಂಥ ಇಂದಿಗೂ ಅಧ್ಯಾಪಕರ ಕೈದೀವಿಗೆಯಾಗಿದೆ.

ಒಂದು ಮಂದಿರದಿಂದ ನಾಡೆಲ್ಲ ಬೆಳಗದೆಂಬುದನ್ನು ಅರಿತ ಗಿಜುಭಾಯಿಯವರು ಶಿಕ್ಷಕರನ್ನು ಸಿದ್ಧಗೊಳಿಸಲು 1925ರಲ್ಲಿ ಅಧ್ಯಾಪನಮಂದಿರವನ್ನು ಆರಂಭಿಸಿದರು. ಸಹೋದ್ಯೋಗಿ ತಾರಾಬಾಯಿ ಮೋಡಕ್ ಅವರೊಡನೆ 1926ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ಶಿಕ್ಷಣ ಪತ್ರಿಕಾ ಎಂಬ ನಿಯತಕಾಲಿಕದ ಮೂಲಕ ತಾಯಿತಂದೆಗಳಿಗೂ ತಿಳಿವಳಿಕೆಯಿತ್ತರು. ಎಡೆಬಿಡದ ದುಡಿಮೆಯಿಂದ ದೇಹ ಬಳಲಿತು. 1939ರ ಜೂನ್ 23ರಂದು ಅವರು ದಿವಂಗತರಾದಾಗ ವಯಸ್ಸು ಐವತ್ತಮೂರು. ಅದೇ ವರ್ಷದ ಕೊನೆಯಲ್ಲಿ ಮಾಂಟೆಸ್ಸೊರಿಯವರು ಮದರಾಸಿನ ಅಡ್ಯಾರಿಗೆ ಬಂದಿಳಿದರು. ಭಾರತದ ನೆಲದಲ್ಲಿ ಗುರುವನ್ನು ಎದುರುಗೊಳ್ಳುವ ಭಾಗ್ಯ ಶಿಷ್ಯನಿಗೆ ಒದಗಲಿಲ್ಲ.

ಆದರೆ ಬಿತ್ತಿದ ಬೀಜ ಬಾಡಲಿಲ್ಲ. ಶಾಲೆಗೆ ಬರಲಾರದ ಬಡ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದ ತಾರಾಬಾಯಿಯವರು ಮಹಾರಾಷ್ಟ್ರದ ಬೋರ್ಡಿಯಲ್ಲೂ ಕೋಸಬಾಡದಲ್ಲೂ ಅಂಗನವಾಡಿಯ ಕಲ್ಪನೆಯನ್ನು ರೂಪಿಸಿದರು. 1975ರಲ್ಲಿ ಕೇಂದ್ರಸರಕಾರ ಶಿಶು ಅಭಿವೃದ್ಧಿ ಯೋಜನೆಯನ್ನು ಕೈಗೊಂಡಾಗ ಆ ಹೆಸರು ದೇಶವ್ಯಾಪಿಯಾಯಿತು. ನಮ್ಮ ನಾಡಿನಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕು ಅದಕ್ಕೆ ಮೊದಲು ಎಡೆಗೊಟ್ಟಿತು.

ಶಾಲೆಗಳಿಗೆ ಕಟ್ಟಡ ಕಟ್ಟಿಸುವ ದಾನಿಗಳು ಧನ್ಯರು. ಆ ಕಟ್ಟಡದ ಅತ್ಯಂತ ಚಿಕ್ಕ ಕೋಣೆಯಲ್ಲಿ, ಅತ್ಯಂತ ಚಿಕ್ಕ ಮಕ್ಕಳೊಡನೆ ಕುಳಿತಿರುವ ಶಿಕ್ಷಕಿಯ ಕಾರ್ಯ ಅತ್ಯಂತ ಹಿರಿದೆಂಬುದನ್ನು ನಾವು ಮರೆಯಬಾರದು. ಮನೆಬಿಟ್ಟು ಮೊದಲ ಬಾರಿಗೆ ಅಳುತ್ತ ಬರುವ ಕೂಸು ನಗುತ್ತ ಹಿಂದಿರುಗಿತೆಂದರೆ ಅಂದಿನ ಪಾಠ ಸಾರ್ಥಕವಾಯಿತು. ಗಿಜುಭಾಯಿಯವರ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಪೂಜೆ ಬೇರೆಯಿಲ್ಲ.