ಸೈಯದ್ ಅಬ್ದುಲ್ ರಹೀಮರ ಚರಿತ್ರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಕೊಯ್ಲು ತೀರಿದ ಗದ್ದೆಗಳು ಹುಡುಗರಿಗೆ ಆಟದ ಬಯಲಾಗುವುದನ್ನು ನೀವು ಬಲ್ಲಿರಿ. ಅಂಥ ಹುಡುಗರಿಗೂ ಅವರನ್ನು ತಿದ್ದುವ ಹಿರಿಯರಿಗೂ ಪ್ರಯೋಜನವಾಗಲೆಂದು, ಭಾರತದ ಕಾಲ್ಚೆಂಡಿನ ತಂಡವನ್ನು ನಡಿಸಿದ ಒಬ್ಬ ಶಾಲಾ ಉಪಾಧ್ಯಾಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ರಹೀಮರು 1909ನೆಯ ಇಸವಿ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಹುಟ್ಟಿದರು. ಬೀದರ, ಕಲಬುರ್ಗಿ, ರಾಯಚೂರುಗಳೂ ಆಗ ಆ ಸಂಸ್ಥಾನಕ್ಕೇ ಸೇರಿದ್ದವು. ಅವರು ಯೌವನದಲ್ಲಿ ತಾವೇ ಆಟಗಾರರಾಗಿದ್ದು, ಶಾಲೆಗಳಲ್ಲಿ ಪಾಠ ಹೇಳುತ್ತಾ, ಕ್ರಮೇಣ ಆಟವನ್ನು ಕಲಿಸುವವರಾದರು. ಅವರ ಕೈಕೆಳಗೆ ಹೈದರಾಬಾದ್ ನಗರದ ಪೊಲೀಸರ ತಂಡವು 1950ರಿಂದ 1954ರ ವರೆಗೆ ಮುಂಬಯಿಯ ರೋವರ್ಸ್ ಕಪ್ಪನ್ನು ಐದು ವರ್ಷ ಎಡೆಬಿಡದೆ ಗೆದ್ದಿತು. ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡು ಓಡದೆ ಒಡನೆಯೇ ಜೊತೆಗಾರನಿಗೆ ದಾಟಿಸಬೇಕೆಂಬ ಕಟ್ಟಳೆಯ ಪಂದ್ಯಗಳನ್ನೂ, ಬಲ ಕಡಿಮೆಯಾದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನೂ ಅವರು ಏರ್ಪಡಿಸುತ್ತಿದ್ದರು. ಒಬ್ಬನ ಜಂಬವು ಅಡಗಿದರೆ ತಂಡದ ಬಲವು ಬೆಳೆಯುವುದಷ್ಟೆ.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯಾ ಕ್ರೀಡಾಕೂಟದಲ್ಲಿ ಅವರ ತಂಡವು ಇರಾನನ್ನು 1–0ರಿಂದ ಸೋಲಿಸಿ ಚಿನ್ನದ ಪದಕವನ್ನು ಹೊಂದಿತು. ಆದರೆ ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದವರು ನಮ್ಮವರನ್ನು 10–1ರಿಂದ ಮುರಿದರು. ನಮ್ಮವರಲ್ಲಿ ಅನೇಕರು ಆ ಚಳಿಯ ದೇಶದಲ್ಲಿ ಬರಿಗಾಲಲ್ಲಿ ಆಡಿದ್ದರು. ಆ ಅವಮಾನದ ತರುವಾಯ ಆಟಗಾರರೆಲ್ಲರಿಗೂ ಬೂಟು ಕಡ್ಡಾಯವಾಯಿತು. ರಹೀಮರು ಎದೆಗೆಡದೆ ಮೊದಲಿನಿಂದ ತಿದ್ದತೊಡಗಿದರು. ನಾಲ್ಕು ವರ್ಷಗಳಾದ ಮೇಲೆ, 1956ರಲ್ಲಿ, ಮೆಲ್ಬರ್ನಿನಲ್ಲಿ ಅವರ ತಂಡವು ಆಸ್ಟ್ರೇಲಿಯದವರನ್ನು ಅವರ ನೆಲದಲ್ಲೇ 4–2ರಿಂದ ಗೆದ್ದು ನಾಲ್ಕನೆಯ ಸ್ಥಾನವನ್ನು ಪಡೆಯಿತು. ಏಷ್ಯಾದ ಯಾವ ತಂಡವೂ ಒಲಿಂಪಿಕ್ಸಿನಲ್ಲಿ ಅದಕ್ಕೆ ಮುಂಚೆ ಅಷ್ಟು ದೂರ ಹೋಗಿರಲಿಲ್ಲ. ನಮ್ಮ ನಾಡಿನ ಕೆಂಪಯ್ಯನವರು ಅಲ್ಲಿಯೂ, 1960ರಲ್ಲಿ ರೋಮಿನಲ್ಲಿಯೂ ಅವರ ತಂಡದಲ್ಲಿದ್ದರು.

1962ರಲ್ಲಿ ಜಕಾರ್ತದ ಏಷ್ಯಾ ಕ್ರೀಡಾಕೂಟಕ್ಕೆ ಹೊರಟಾಗ ರಹೀಮರ ದೇಹವನ್ನು ಕ್ಯಾನ್ಸರ್ ರೋಗವು ಹಿಡಿದಿತ್ತು. ಮೊದಲನೆಯ ಪಂದ್ಯದಲ್ಲೇ ದಕ್ಷಿಣ ಕೊರಿಯಾದವರು ನಮ್ಮವರನ್ನು 2–0ರಿಂದ ಸೋಲಿಸಿದರು. ಥಾಯ್ಲೆಂಡಿನವರನ್ನು ಗೆದ್ದ ಪಂದ್ಯದಲ್ಲಿ ಹಿಂದಿನ ಸಾಲಿನ ಕಾವಲುಗಾರರಾದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಇದಲ್ಲದೆ, ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಊರಿನ ಜನರೆಲ್ಲ ಭಾರತೀಯರ ಮೇಲೆ ಕೋಪಗೊಂಡಿದ್ದರು. ರಹೀಮರು ಗಾಯಗೊಂಡ ಜರ್ನೈಲರನ್ನು ಕೈಬಿಡದೆ ಮುಂದಿನ ಸಾಲಿಗೆ ತಂದು ನಿಲ್ಲಿಸಿದರು. ಸೆಪ್ಟೆಂಬರ್ 4ರ ಕೊನೆಯ ಪಂದ್ಯದಲ್ಲಿ, ಕಿಕ್ಕಿರಿದ ಜನರು ಹಳಿದು ಕೂಗುತ್ತಿರಲು, ಪಿ. ಕೆ. ಬ್ಯಾನರ್ಜಿಯವರೂ ಜರ್ನೈಲರೂ ಒಂದೊಂದು ಗೋಲು ಹೊಡೆದರು. ಮೊದಲು ಸೋಲಿಸಿದ್ದ ಕೊರಿಯಾದವರೇ 2–1ರಿಂದ ಸೋತರು.

ಒಂದು ವರ್ಷ ತುಂಬುವುದರೊಳಗೆ, 1963ನೆಯ ಜೂನ್ 11ರಂದು, ರಹೀಮರು ತೀರಿಕೊಂಡರು. ಆ ಮೇಲೆ ಭಾರತದ ಕಾಲ್ಚೆಂಡಿನ ತಂಡಕ್ಕೆ ಏಷ್ಯಾ ಕೂಟದ ಚಿನ್ನವು ಇಂದಿನ ವರೆಗೂ ದೊರೆತಿಲ್ಲ. ಎರಡು ಪದಕಗಳಿಗಾಗಿ ಜನರು ಅವರನ್ನು ಹೊಗಳುತ್ತಾರೆ. ನಾವಾದರೋ, ಹತ್ತು ಗೋಲುಗಳ ನಾಚಿಕೆಯನ್ನು ಹೊತ್ತು ಮನೆಗೆ ಬಂದು, ಶಿಷ್ಯರ ಕಾಲಿಗೆ ಬೂಟು ತೊಡಿಸಿ, ಪುನಃ ಮೊದಲನೆಯ ಪಾಠದಿಂದ ಆರಂಭಿಸಿದ ಆ ಉಪಾಧ್ಯಾಯರನ್ನು ಹೆಚ್ಚಾಗಿ ನೆನೆಯುತ್ತೇವೆ.